ಹಾರ್ಟ್ ಫೇಲ್ಯೂರ್ ಜೊತೆ ಸಿಒಪಿಡಿ: ಬೀಟಾ ಬ್ಲಾಕರ್ ನಿಲ್ಲಿಸಬೇಕಾ?

ಪ್ರಶ್ನೆ: ಅಪ್ಪನಿಗೆ ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ಇದೆ. ಈಗ ಸಿಒಪಿಡಿಯೂ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇದೆ ಅಂದಿದ್ದಾರೆ. ಎದೆಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆ ಮೆಟೊಪ್ರೊಲಾಲ್ ನಿಲ್ಲಿಸಿ ಅಂತ ಒಬ್ಬ ಡಾಕ್ಟರ್, ಬೇಡ ಅಂತ ಇನ್ನೊಬ್ಬರು. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ದೊಡ್ಡ ಮಗಳು: ನಿಲ್ಲಿಸಲೇಬೇಡಿ. ನಮ್ಮಮ್ಮನಿಗೆ ಉಬ್ಬಸ ಅಂತ ಒಬ್ಬ ಡಾಕ್ಟರ್ ಒಂದೇ ಸಲಕ್ಕೆ ನಿಲ್ಲಿಸಿಬಿಟ್ಟರು. ಎದೆಬಡಿತ ಏರಿತು. ಕಾಲು ಊದಿತು. ದಿಂಬಿನ ಮೇಲೆ ದಿಂಬು ಇಟ್ಟರೂ ಮಲಗಲು ಆಗಲಿಲ್ಲ. ಐಸಿಯು, ಬೈಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತುವ ಯಂತ್ರ), ಮತ್ತೆ ವಾರ್ಡು, ಮನೆಗೆ ಬಂದ ಮೇಲೆ ಮತ್ತೆ ಐಸಿಯು. ಆ ಸಾಲ ಇನ್ನೂ ತೀರಿಲ್ಲ, ನಾನು ಕೆಲಸವನ್ನೂ ಬಿಟ್ಟೆ. ಕೊನೆಗೆ ಹೃದಯದ ಡಾಕ್ಟರ್ ಬಿಸೊಪ್ರೊಲಾಲ್ ಅನ್ನುವ ಬೀಟಾ ಬ್ಲಾಕರ್ 1.25 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನವಾಗಿ ಏರಿಸಿದರು. ಈಗ ಅಮ್ಮ ತಾವೇ ಸ್ನಾನ ಮಾಡುತ್ತಾರೆ.

ಹಳೇ ರೋಗಿ: ಎಲ್ಲರಿಗೂ ಹಾಗಲ್ಲ. ಕಾರ್ವಿಡಿಲಾಲ್ ಅನ್ನುವ ಬೀಟಾ ಬ್ಲಾಕರ್ ಕೊಟ್ಟಾಗ ನನಗೆ ರಾತ್ರಿಯೆಲ್ಲ ಎದೆಯಲ್ಲಿ ಸುಂಯ್ ಸುಂಯ್. ಉಸಿರು ಸಲೀಸಾಗಲು ಸಾಲ್ಬುಟಮಾಲ್ ಪಂಪ್ ಒತ್ತಿದರೆ ಎದೆ ಡವಡವ. ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಮೈಯಲ್ಲಿ ನೀರು ನಿಂತು ತೂಕ ಏರುವುದು. ನೀರಿಳಿಸಲು ಲ್ಯಾಸಿಕ್ಸ್ ಜಾಸ್ತಿ ಮಾಡಿದರೆ ಪೊಟ್ಯಾಸಿಯಂ ಇಳಿಯುವುದು. ಬೀಟಾ ಬ್ಲಾಕರ್ ಅಂದರೆ ಈಗಲೂ ಭಯ.

ದೊಡ್ಡ ಮಗಳು: ಕಾರ್ವಿಡಿಲಾಲ್ ಬೇರೆ ರೀ. ಅದು ಶ್ವಾಸನಾಳವನ್ನೂ ಬಿಡುವುದಿಲ್ಲ. ಬಿಸೊಪ್ರೊಲಾಲ್, ಮೆಟೊಪ್ರೊಲಾಲ್ ಹೆಚ್ಚಾಗಿ ಹೃದಯದ ಮೇಲೆ ಕೆಲಸ ಮಾಡುತ್ತವೆ. ಸುಮ್ನೆ ಹೆದರಿಸಬೇಡಿ.

ಹಳೇ ರೋಗಿ: ಉಸಿರು ಕಟ್ಟಿದ್ದು ನನಗೆ. ಅದನ್ನು ಹೇಳಲೂ ಬಾರದಾ?

ನಿವೃತ್ತ ನರ್ಸ್: ಮೊದಲು ಅದು ಸಿಒಪಿಡಿ ಹೌದಾ ಅಂತ ನೋಡಿ. ನಮ್ಮ ಯಜಮಾನರಿಗೆ ಶ್ವಾಸಕೋಶದಲ್ಲಿ ನೀರು ತುಂಬಿದ್ದಾಗಲೇ ಸ್ಪೈರೊಮೆಟ್ರಿ (ಊದಿಸಿ ಮಾಡುವ ಶ್ವಾಸಕೋಶದ ಪರೀಕ್ಷೆ) ಮಾಡಿಸಿ ಸಿಒಪಿಡಿ ಅಂದರು. ಆ ನೀರೇ ಶ್ವಾಸನಾಳ ಕಿರಿದಾಗಿಸಬಲ್ಲದು. ನಾನು ಹಟ ಹಿಡಿದು, ನೀರಿಳಿದ ಮೇಲೆ ಮತ್ತೆ ಊದಿಸಿದೆ. ಪಂಪ್ ಕೊಟ್ಟ ನಂತರದ ಎಫ್‌ಇವಿ1/ಎಫ್‌ವಿಸಿ (ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು) 0.7ಕ್ಕಿಂತ ಮೇಲೆ ಬಂತು. ಸಿಒಪಿಡಿ ಇರಲೇ ಇಲ್ಲ! ಅಷ್ಟರಲ್ಲಿ ಇನ್ಹೇಲರ್‌ಗಳಿಗೆ ಸುರಿದ ದುಡ್ಡು ವಾಪಸ್ ಬರುತ್ತದಾ?

ತಮ್ಮ: ನಮ್ಮಣ್ಣನಿಗೆ ಎರಡೂ ಇವೆ. ಮನೆಗೇ ಆಕ್ಸಿಜನ್ ಮೆಷಿನ್ ತಂದೆವು. ಬೆರಳಿನ ಮೀಟರ್ ರಕ್ತದ ಆಕ್ಸಿಜನ್ ಶೇ 98 ತೋರಿಸುವ ತನಕ ಏರಿಸುತ್ತೇವೆ, ಅಣ್ಣ ಗಾಢವಾಗಿ ನಿದ್ದೆ ಮಾಡುತ್ತಾನೆ.

ನಿವೃತ್ತ ನರ್ಸ್: ಅಯ್ಯೋ, ಇಳಿಸಿ! ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವ ಸಿಒಪಿಡಿಯವರಿಗೆ ಸಾಮಾನ್ಯವಾಗಿ 88ರಿಂದ 92 ಸಾಕು. ಆಕ್ಸಿಜನ್ ಜಾಸ್ತಿಯಾಗಿ ಕಾರ್ಬನ್ ಡೈಆಕ್ಸೈಡ್ ಏರಿದರೆ ಮಂಪರು ಕವಿಯಬಹುದು. ಅದು ನಿದ್ದೆಯೋ ಮಂಪರೋ? ಇವತ್ತೇ ಡಾಕ್ಟರಿಗೆ ತೋರಿಸಿ.

ತಮ್ಮ: ಮೆಷಿನ್ ಕೊಂಡವರು ನಾವು, ನೋಡಿಕೊಳ್ಳುವವರೂ ನಾವೇ. ಕೂಗಾಡಬೇಡಿ.

ನಿವೃತ್ತ ನರ್ಸ್: ಕೂಗುತ್ತೇನೆ. ಎಬಿಜಿ (ರಕ್ತದ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಅಳೆಯುವ ಪರೀಕ್ಷೆ) ಮಾಡಿಸಿದ್ದೀರಾ? ಅದನ್ನು ಹೇಳಿ ಮೊದಲು.