ಪೇಪರ್ ಮೇಲೆ ಸೋತಿರೋ ಕಾರನ್ನೇ ಕಾರ್ ಹುಚ್ಚಿರೋರು ಯಾಕೆ ತಗೋತಾರೆ? ಓಡಿಸಿರೋರು ಅನುಭವ ಹೇಳಿ

ರಾಜಾಜಿನಗರದಿಂದ ಪ್ರಶ್ನೆ

ಎಲ್ರಿಗೂ ನಮಸ್ಕಾರ. ಸದ್ಯಕ್ಕೆ ಫೋಕ್ಸ್‌ವ್ಯಾಗನ್ ವರ್ಟಸ್ 1.5 ಮ್ಯಾನ್ಯುಯಲ್ ಓಡಿಸ್ತಿದೀನಿ, ಮನೇಲಿ ಒಪ್ಪಿಗೆ ಸಿಕ್ಕಿದೆ, ಆನ್ ರೋಡ್ ಒಂದೂವರೆ ಕೋಟಿ ಒಳಗೆ ಒಂದು ಸ್ಪೋರ್ಟ್ಸ್ ಕಾರ್ ತಗೋಬೇಕು. ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್ ಎಎಂಜಿ ಎ45 ಎಸ್ ನೋಡಿದ್ರೆ ನೂರು ಕಿಮೀ ವೇಗಕ್ಕೆ 3.9 ಸೆಕೆಂಡ್, ನಾಲ್ಕೂ ಚಕ್ರಕ್ಕೆ ಪವರ್, ಮನೆಯವ್ರೆಲ್ಲ ಕೂರ್ಬಹುದು. ಎಲೆಕ್ಟ್ರಿಕ್ ಕಾರ್ ಎಂಜಿ ಸೈಬರ್‌ಸ್ಟರ್ 3.2 ಸೆಕೆಂಡ್, ಬೆಲೆನೂ ಕಮ್ಮಿ. ಆದ್ರೆ ಕಾರ್ ಬಗ್ಗೆ ತಿಳ್ಕೊಂಡಿರೋರ್ ಯಾರನ್ನ ಕೇಳಿದ್ರೂ ಬಿಎಂಡಬ್ಲ್ಯು ಎಂ2 ತಗೋ, ಅದ್ರಲ್ಲೂ ಮ್ಯಾನ್ಯುಯಲ್ಲೇ ತಗೋ ಅಂತಾರೆ. ಅದು 4.2 ಸೆಕೆಂಡ್, ಅದೇ ಕಾರಿನ ಆಟೋಮ್ಯಾಟಿಕ್‌ಗಿಂತನೂ ನಿಧಾನ. ಇನ್ನು ಕೆಲವ್ರು ಹತ್ತು ವರ್ಷ ಹಳೇ ಪೋರ್ಷೆ ಕೇಮನ್ ಹುಡುಕು ಅಂತಾರೆ. ಯಾಕೆ ಹಿಂಗೆ? ಬರೀ ಬ್ರ್ಯಾಂಡ್ ಅಭಿಮಾನನಾ, ಇಲ್ಲ ನಿಜವಾಗ್ಲೂ ಏನಾದ್ರೂ ಇದ್ಯಾ?

ಬನಶಂಕರಿಯಿಂದ

ನಿಜವಾಗ್ಲೂ ಇದೆ. ನಂದು ಎಂ2 ಮ್ಯಾನ್ಯುಯಲ್, 2023ರ 460 ಎಚ್‌ಪಿದು, ಅದಕ್ಕೂ ಮುಂಚೆ ನಾಲ್ಕು ಸಿಲಿಂಡರ್ ಎಎಂಜಿ ಇತ್ತು, ಅದಕ್ಕೇ ಎರಡೂ ಕಡೆ ಹೇಳ್ತೀನಿ.

ಮೊದ್ಲು ಆ ಸೆಕೆಂಡ್ ಲೆಕ್ಕ ಪಕ್ಕಕ್ಕಿಡಿ. ಎ45 ಎಸ್ ಎಂಜಿನ್ ಬಗ್ಗೆ ನಂಗೆ ತುಂಬಾ ಗೌರವ ಇದೆ, 2 ಲೀಟರ್‌ನಲ್ಲಿ 421 ಎಚ್‌ಪಿ ತೆಗ್ಯೋದು ಸಾಮಾನ್ಯ ವಿಷ್ಯ ಅಲ್ಲ. ಮಳೇಲೂ ಧೈರ್ಯವಾಗಿ ಒತ್ಬಹುದು, ಎಲ್ಲೂ ಜಾರಲ್ಲ. ಆದ್ರೆ ಒತ್ತಿದ್ರೆ ಹೋಗುತ್ತೆ, ತಿರುಗಿಸಿದ್ರೆ ತಿರುಗುತ್ತೆ, ಅಷ್ಟೇ, ಅದ್ರಲ್ಲಿ ನಾನು ಮಾಡೋಕೆ ಏನೂ ಉಳಿದಿರ್ಲಿಲ್ಲ. ಆ ಕಾರಿನ ಮಜಾ ಶುರು ಆಗೋದೇ ಲೈಸೆನ್ಸ್ ಹೋಗೋ ಸ್ಪೀಡಲ್ಲಿ. ಮೈಸೂರು ಎಕ್ಸ್‌ಪ್ರೆಸ್‌ವೇಲೂ ಲಿಮಿಟ್ 100, ಮೇಲೆ ಕ್ಯಾಮೆರಾ ಬೇರೆ, ಇನ್ನು ಊರೊಳಗೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ತನಕ ಏನು ಪರಿಸ್ಥಿತಿ ಅಂತ ಎಲ್ರಿಗೂ ಗೊತ್ತು, ಅಲ್ಲಿ 3.9 ಇದ್ರೇನು 5.9 ಇದ್ರೇನು.

ಎಂ2 ಮ್ಯಾನ್ಯುಯಲ್‌ನಲ್ಲಿ ಬೇರೆನೇ ಕಥೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋಕೆ ಶುರು ಮಾಡಿದಾಗ ಮೂರನೇ ಗೇರಲ್ಲಿ ಬರ್ತಿರ್ತೀರ, ಮುಂದೆ ಹೇರ್‌ಪಿನ್, ಬ್ರೇಕ್ ಒತ್ಕೊಂಡೇ ಕ್ಲಚ್, ಪಾದದ ಅಂಚಲ್ಲಿ ಆಕ್ಸಿಲರೇಟರ್‌ಗೆ ಒಂದು ಸಣ್ಣ ತಟ್ಟು, ಎರಡಕ್ಕೆ ಹಾಕ್ತೀರ, ಕ್ಲಚ್ ಬಿಟ್ಟಾಗ ಕಾರ್ ಒಂಚೂರೂ ತೊನೆಯದೆ ಹಂಗೇ ಒಳಗೆ ತಿರುಗ್ಬೇಕು, ಎಂಜಿನ್ ಸ್ಪೀಡು ಚಕ್ರದ ಸ್ಪೀಡು ಕೂಡಿತಾ ಇಲ್ವಾ ಅನ್ನೋದು ಸೀಟಲ್ಲೇ ಗೊತ್ತಾಗುತ್ತೆ. ಇದನ್ನ ಕಾರೇ ಮಾಡ್ಕೊಡೋ ರೆವ್ ಮ್ಯಾಚಿಂಗ್ ಇದೆ, ಆಫ್ ಮಾಡ್ಬಹುದು, ನಾನು ಆಫ್ ಮಾಡೇ ಓಡ್ಸೋದು. ಆ ತಿರುವಲ್ಲಿ ಸ್ಪೀಡ್ ಎಷ್ಟು ಗೊತ್ತಾ, ಮೂವತ್ತೈದು ನಲವತ್ತು. ಅಷ್ಟೇ ಸ್ಪೀಡಲ್ಲಿ ಅಷ್ಟು ಕೆಲ್ಸ, ಅಷ್ಟು ಖುಷಿ. ಜನ ದುಡ್ಡು ಕೊಡ್ತಿರೋದು ಇದಕ್ಕೆ.

ಕಮ್ಮಿ ಇರೋದನ್ನೂ ಹೇಳ್ಬಿಡ್ತೀನಿ. 1.7 ಟನ್ ದಾಟುತ್ತೆ, ಹಗುರ ಕಾರ್ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಗೇರ್ ಲಿವರ್ ಹಳೇ ಹೋಂಡಾಗಳ ಥರ ಟಕ್ ಟಕ್ ಅಂತ ಕೂರಲ್ಲ, ಸ್ವಲ್ಪ ರಬ್ಬರ್ ರಬ್ಬರ್. ಸ್ಟೀರಿಂಗ್ ಕರಾರುವಾಕ್ಕು, ಆದ್ರೆ ರಸ್ತೆ ಮೇಲೆ ಏನಿದೆ ಅಂತ ಕೈಗೆ ಅಷ್ಟಾಗಿ ತಿಳಿಯಲ್ಲ. ಆದ್ರೂ ಆರು ಸಿಲಿಂಡರ್, ಹಿಂದಿನ ಚಕ್ರಕ್ಕೆ ಪವರ್, ಮೂರು ಪೆಡಲ್, ಈ ಮೂರೂ ಒಟ್ಟಿಗೆ ಶೋರೂಮಲ್ಲಿ ಹೊಸದಾಗಿ ನಿಮ್ಮ ಬಜೆಟ್ ಒಳಗೆ ಬೇರೆ ಯಾರು ಕೊಡ್ತಿದಾರೆ ನೋಡಿ.

ಮಲ್ಲೇಶ್ವರದಿಂದ

ಹತ್ತು ವರ್ಷ ಹಳೇ ಕೇಮನ್ ಅಂದ್ರಲ್ಲ, ಅದು ಯಾಕೆ ಅಂತ ನಾನು ಹೇಳ್ತೀನಿ, ಯಾಕಂದ್ರೆ ನಂದೂ ಹಳೇ ತಲೆಮಾರಿನ 981 ಕೇಮನ್ನೇ, 2.7 ಲೀಟರ್, 275 ಪಿಎಸ್ (ಎಚ್‌ಪಿ ಥರದ್ದೇ ಅಳತೆ).

2016ರಲ್ಲಿ ಪೋರ್ಷೆ ಇದನ್ನ 718 ಅಂತ ಬದಲಾಯಿಸಿದಾಗ ಆರು ಸಿಲಿಂಡರ್ ತೆಗ್ದು ನಾಲ್ಕು ಸಿಲಿಂಡರ್ ಟರ್ಬೊ ಹಾಕಿದ್ರು. ಲೆಕ್ಕದಲ್ಲಿ ಎಲ್ಲಾ ಮೇಲೆ ಹೋಯ್ತು. ಎಸ್ ಮಾಡೆಲ್ 325ರಿಂದ 350 ಪಿಎಸ್, ಟಾರ್ಕ್ ಅಂದ್ರೆ ತಿರುಗಿಸೋ ಬಲ 370ರಿಂದ 420 ಎನ್‌ಎಂ, ಮ್ಯಾನ್ಯುಯಲ್‌ನಲ್ಲಿ 5 ಸೆಕೆಂಡ್ ಇದ್ದಿದ್ದು 4.6. ಎಲ್ಲದ್ರಲ್ಲೂ ಗೆದ್ದ ಕಾರು, ಆದ್ರೆ ಓಡಿಸೋರು ಅದನ್ನ ಮನಸ್ಸಿಗೆ ಹಚ್ಕೊಳ್ಳಲಿಲ್ಲ. ಹಳೇ ಎಂಜಿನ್ 7,800 ಆರ್‌ಪಿಎಂ ತನಕ ಹೋಗುತ್ತೆ, ನಾಲ್ಕು ಸಾವಿರದಲ್ಲಿ ಒಂದು ದನಿ, ಆರು ಸಾವಿರದಲ್ಲಿ ಬೇರೆ ದನಿ, ಏಳು ದಾಟಿದ ಮೇಲೆ ತಲೆ ಹಿಂದೆನೇ ಇರೋ ಎಂಜಿನ್ ಪೂರಾ ಬಾಯ್ಬಿಟ್ಟು ಹಾಡುತ್ತೆ. ಟರ್ಬೊ ಇಲ್ಲ, ಕಾಲು ಎಷ್ಟು ಒತ್ತಿದ್ರೆ ಅಷ್ಟೇ, ಅದೇ ಕ್ಷಣಕ್ಕೆ. 718ರ ನಾಲ್ಕು ಸಿಲಿಂಡರ್‌ಗೆ ತಳದಲ್ಲೇ ಜೋರಿದೆ, ಆದ್ರೆ ಮೇಲೆ ಹೋಗೋಕೆ ಕಾರಣನೇ ಇಲ್ಲ. ಕೊನೆಗೆ ಪೋರ್ಷೆನೇ 4 ಲೀಟರ್ ಆರು ಸಿಲಿಂಡರ್ ವಾಪಸ್ ತಂದ್ರು, ಮೊದ್ಲು 2019ರಲ್ಲಿ 718ರದ್ದೇ ಜಿಟಿ4 ಮಾಡೆಲ್‌ಗೆ 420 ಪಿಎಸ್‌ನದು, ಆಮೇಲೆ ಜಿಟಿಎಸ್‌ಗೆ 400 ಪಿಎಸ್‌ನದು, ಜೊತೆಗೆ ಆರು ಗೇರ್ ಮ್ಯಾನ್ಯುಯಲ್. ಜನ ಸುಮ್ನೆ ಗೊಣಗ್ತಿರ್ಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಪೋರ್ಷೆದೇ 911ರಲ್ಲೂ ಇದೇ ಆಯ್ತು. 2013ರ ಜಿಟಿ3 ಬರೀ ಪಿಡಿಕೆ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸಲ್ಲಿ ಬಂತು, ಲ್ಯಾಪ್ ಟೈಮ್‌ಗೆ ಅದೇ ಬೆಸ್ಟ್ ಅಂದ್ರು, ಅದು ಸುಳ್ಳೂ ಅಲ್ಲ. 2016ರಲ್ಲಿ 911 ಆರ್ ಅಂತ ಮ್ಯಾನ್ಯುಯಲ್ ಕಾರನ್ನ ಬರೀ 991 ಮಾಡಿದ್ರು, ದೊಡ್ಡ ರೆಕ್ಕೆ ಇಲ್ಲ, 500 ಪಿಎಸ್, ಸೆಕೆಂಡ್ ಹ್ಯಾಂಡ್ ಬೆಲೆ ಹೊಸ ಬೆಲೆಯ ಎಷ್ಟೋ ಪಟ್ಟು ಮೇಲೆ ಹೋಯ್ತು. ಮುಂದಿನ ವರ್ಷದ ಜಿಟಿ3ಯಲ್ಲಿ ಮ್ಯಾನ್ಯುಯಲ್ ಮತ್ತೆ ಬಂತು.

ಉಲ್ಟಾ ಉದಾಹರಣೆ ಬೇಕಂದ್ರೆ ಮರ್ಸಿಡಿಸ್ ಸಿ63 ನೋಡಿ. 4 ಲೀಟರ್ ವಿ8, ಅಂದ್ರೆ ಎಂಟು ಸಿಲಿಂಡರ್ ಎಂಜಿನ್, ತೆಗ್ದು 2 ಲೀಟರ್ ಜೊತೆ ಎಲೆಕ್ಟ್ರಿಕ್ ಮೋಟರ್ ಕೂಡ್ಸಿದ್ರು, ಒಟ್ಟು 680 ಪಿಎಸ್, ತೂಕ 2,100 ಕೆಜಿ ದಾಟ್ತು. ಹಳೇದಕ್ಕಿಂತ ಸಿಕ್ಕಾಪಟ್ಟೆ ಪವರ್. ಸಿ63 ಅಂದ್ರೆ ಜನಕ್ಕೆ ಆ ವಿ8, ಅದೇ ಇಲ್ಲ ಅಂದ್ಮೇಲೆ ಅಭಿಮಾನಿಗಳು ಬಿಎಂಡಬ್ಲ್ಯು ಎಂ3 ಕಡೆ ತಿರುಗಿದ್ರು.

ಒಂದು ಮಾತು ಸೇರಿಸ್ತೀನಿ, ನನ್ನ ಕೇಮನ್ ಪಿಡಿಕೆ, ಮ್ಯಾನ್ಯುಯಲ್ ಅಲ್ಲ. ಆದ್ರೂ ಬಿಟ್ಟುಕೊಡೋ ಮನಸ್ಸು ಬಂದಿಲ್ಲ. ಎಂಜಿನ್ ಮಧ್ಯದಲ್ಲಿದೆ, 1,350 ಕೆಜಿ ಆಸುಪಾಸು, ಸ್ಟೀರಿಂಗ್ ಒಂದು ಬೆರಳು ತಿರುಗಿಸಿದ್ರೂ ಮೂತಿ ಆಗ್ಲೇ ಅಲ್ಲಿರುತ್ತೆ. ಹಂಗಾಗಿ ಮೂರು ಪೆಡಲ್ ಇಲ್ಲ ಅಂದ್ರೆ ಕಾರೇ ಅಲ್ಲ ಅನ್ನೋರ ಮಾತು ನಾನು ಒಪ್ಪಲ್ಲ.

ಎಚ್‌ಎಸ್‌ಆರ್ ಲೇಔಟಿಂದ

ಮೇಲಿನವ್ರು ಹೇಳಿದ್ದೆಲ್ಲ ಸರಿ, ಆದ್ರೆ ನಮ್ಮ ಊರಲ್ಲಿ ಜನ ಅತಿ ಹೆಚ್ಚು ಅಪ್ಪಿಕೊಂಡಿರೋ ಕಾರು ಬಿಎಂಡಬ್ಲ್ಯು ಎಂ340ಐ, ಅದನ್ನ ಯಾರೂ ಹೇಳ್ಲೇ ಇಲ್ಲ. ಅದು ಆಟೋಮ್ಯಾಟಿಕ್, ನಾಲ್ಕು ಬಾಗಿಲಿನ ಸೆಡಾನ್. 2021ರಲ್ಲಿ 62.90 ಲಕ್ಷಕ್ಕೆ ಬಂತು, ಚೆನ್ನೈ ಪ್ಲಾಂಟಲ್ಲಿ ಜೋಡಿಸಿದ್ದು, ಅದಕ್ಕೇ ಆ ಬೆಲೆ, ಇಡೀ ಕಾರಾಗಿ ಹಡಗಲ್ಲಿ ಬಂದಿದ್ರೆ ಸುಂಕದಲ್ಲೇ ಹೋಗ್ತಿತ್ತು. 3 ಲೀಟರ್ ಸ್ಟ್ರೈಟ್ ಸಿಕ್ಸ್ (ಸಾಲಾಗಿರೋ ಆರು ಸಿಲಿಂಡರ್), 387 ಎಚ್‌ಪಿ, 4.4 ಸೆಕೆಂಡ್. ದಿನಾ ಆಫೀಸಿಗೆ ಹೋಗ್ತೀನಿ, ಮಗಳನ್ನ ಸ್ಕೂಲಿಗೆ ಬಿಡ್ತೀನಿ, ಶನಿವಾರ ಸಕಲೇಶಪುರ ಹತ್ತಿಸ್ತೀನಿ. ಆಮೇಲೆ ಬಂದ ಮರ್ಸಿಡಿಸ್ ಸಿ43ಗೆ ಪವರ್ ಜಾಸ್ತಿ, ಆದ್ರೆ ನಾಲ್ಕು ಸಿಲಿಂಡರ್, ಇಂಪೋರ್ಟ್, ಬೆಲೆ 98 ಲಕ್ಷ. ಆ ಲೆಕ್ಕದಲ್ಲಿ ಜನ ಯಾಕೆ ಈ ಕಡೆ ಬಂದ್ರು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಒಂದೇ ಕಾರ್ ಇಟ್ಕೊಳೋ ಹಾಗಿದ್ರೆ ಎಂ2ಗಿಂತ ಇದೇ ನೋಡಿ ಅಂತೀನಿ.

ವೈಟ್‌ಫೀಲ್ಡಿಂದ

ಕೆಲ್ಸದ ಮೇಲೆ ಜಪಾನ್‌ನಲ್ಲಿದ್ದಾಗ ಟೊಯೋಟಾ ಜಿಆರ್86 ಬಾಡಿಗೆಗೆ ತಗೊಂಡು ಬೆಟ್ಟದ ರಸ್ತೇಲಿ ಓಡ್ಸಿದೀನಿ, ಇಲ್ಲಿ ಅದು ಮಾರಾಟಕ್ಕಿಲ್ಲ, ಆದ್ರೂ ನಿಮ್ಮ ಪ್ರಶ್ನೆಗೆ ಉತ್ತರ ಆ ಕಾರಲ್ಲಿದೆ. 2012ರ ಮೊದಲ ಜಿಟಿ86ಗೆ ಬರೀ 200 ಎಚ್‌ಪಿ, ಅದೂ ಸಾಲ್ದು ಅಂತ ಪ್ರಿಯಸ್ ಹೈಬ್ರಿಡ್‌ಗೆ ಹಾಕೋ ಥರದ ತೆಳ್ಳಗಿನ ಟೈರ್ ಬೇಕಂತಲೇ ಹಾಕಿದ್ರು. ಗ್ರಿಪ್ ಕಮ್ಮಿ ಇದ್ರೆ ಕಮ್ಮಿ ಸ್ಪೀಡಲ್ಲೇ ಕಾರ್ ಮೆಲ್ಲಗೆ ಜಾರೋಕೆ ಶುರು ಆಗುತ್ತೆ, ಓಡ್ಸೋನಿಗೆ ಕಲಿಯೋಕೆ ಅವಕಾಶ ಸಿಗುತ್ತೆ ಅನ್ನೋ ಲೆಕ್ಕ. ಮಾಜ್ದಾ ಎಂಎಕ್ಸ್-5 ಅದಕ್ಕಿಂತ ಹಗುರ, ಒಂದು ಟನ್ನಿನ ಆಸುಪಾಸು. ಆಲ್ಪೀನ್ ಎ110 ಕೂಡ 1.1 ಟನ್, ಅದ್ರಲ್ಲಿ ಮ್ಯಾನ್ಯುಯಲ್ ಇಲ್ವೇ ಇಲ್ಲ, ಆದ್ರೂ ಯುರೋಪಲ್ಲಿ ಓಡಿಸಿದೋರೆಲ್ಲ ಹೊಗಳ್ತಾರೆ. ಅದಕ್ಕೇ ನನ್ನ ಅನಿಸಿಕೆ, ಗೇರ್‌ಬಾಕ್ಸ್‌ಗಿಂತ ಮೊದ್ಲು ತೂಕ ನೋಡಿ.

ಇನ್ನೊಂದು, ಮಾಡಿದೋರ ಮೇಲೆ ನಂಬಿಕೆನೂ ಬೇಕು. ಟೊಯೋಟಾ ಛೇರ್ಮನ್ ಅಕಿಯೊ ಟೊಯೋಡಾ ಮೊರಿಜೊ ಅನ್ನೋ ಹೆಸ್ರಲ್ಲಿ ಸ್ವತಃ ರೇಸ್ ಓಡಿಸ್ತಾರೆ. 2019ರ ಸುಪ್ರಾ ಬಿಎಂಡಬ್ಲ್ಯು ಎಂಜಿನ್ ಜೊತೆ ಬರೀ ಆಟೋಮ್ಯಾಟಿಕ್ ಆಗಿ ಬಂದಾಗ ಜನ ಬೇಜಾರು ಮಾಡ್ಕೊಂಡ್ರು, 2022ರಲ್ಲಿ ಮ್ಯಾನ್ಯುಯಲ್ ಕೊಟ್ರು. ಹೇಳಿದ್ದನ್ನ ಕೇಳಿಸ್ಕೊಳೋ ಕಂಪನಿ ಕಾರ್‌ಗಳನ್ನ ಜನ ಬಿಡಲ್ಲ.

ಯಲಹಂಕದಿಂದ

ಸೈಬರ್‌ಸ್ಟರ್ ಓಡ್ಸಿ ನೋಡಿದೀನಿ. ಬಾಗಿಲು ಮೇಲಕ್ಕೆ ಏಳೋದು, ಟಾಪ್ ತೆಗ್ದು ಸಂಜೆ ಹೊತ್ತು ಏರ್‌ಪೋರ್ಟ್ ರೋಡಲ್ಲಿ ಹೋಗೋದು ಬಹಳ ಚೆನ್ನಾಗಿದೆ. 510 ಪಿಎಸ್, ಎರಡು ಟನ್ ಹತ್ರ ತೂಕ, ನೇರ ರಸ್ತೇಲಿ ಬೆನ್ನು ಸೀಟಿಗೆ ಅಂಟ್ಕೊಳುತ್ತೆ. ತಿರುವಲ್ಲಿ ಆ ತೂಕ ಬಂದು ಕೂರುತ್ತೆ. ಎಲೆಕ್ಟ್ರಿಕ್ ಅಂತ ಮಾತ್ರ ಬೇಡ ಅನ್ನಬೇಡಿ. ಹ್ಯುಂಡೈ ಅಯೋನಿಕ್ 5 ಎನ್ 2.2 ಟನ್ ಇದೆ, ಆದ್ರೂ ಹೊರದೇಶದಲ್ಲಿ ಪೆಟ್ರೋಲ್ ಕಾರಿನ ಹುಚ್ಚಿರೋರೇ ಅದನ್ನ ಒಪ್ಕೊಂಡಿದಾರೆ, ಯಾಕಂದ್ರೆ ಗೇರ್ ಬದಲಾದ ಹಾಗೆ ಜರ್ಕ್, ರೆವ್ ಲಿಮಿಟ್ ಎಲ್ಲ ಸಾಫ್ಟ್‌ವೇರಲ್ಲಿ ಕೊಟ್ಟು ಓಡ್ಸೋರಿಗೆ ಮತ್ತೆ ಕೆಲ್ಸ ಹಚ್ಚಿದಾರೆ. ನಮ್ಮಲ್ಲಿ ಸಿಗೋದು ಮಾಮೂಲಿ ಅಯೋನಿಕ್ 5 ಮಾತ್ರ.

ಜಯನಗರದಿಂದ

ಎಲ್ರೂ ಮಜಾ ಬಗ್ಗೆ ಹೇಳಿದ್ರು, ಖರ್ಚಿನ ಬಗ್ಗೆ ನಾನು ಹೇಳ್ತೀನಿ. 20 ಲಕ್ಷದ ಮೇಲಿನ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ನೂರಕ್ಕೆ 18, ಮೇಲೆ ಸೆಸ್ಸು. ಒಂದು ಕೋಟಿ ಕಾರಿಗೆ ರೋಡ್ ಟ್ಯಾಕ್ಸೇ 18 ಲಕ್ಷ ದಾಟುತ್ತೆ. ಎಲೆಕ್ಟ್ರಿಕ್ ಆದ್ರೆ 25 ಲಕ್ಷದ ಮೇಲಿನದಕ್ಕೆ 2024ರಿಂದ ನೂರಕ್ಕೆ 10. ಪುದುಚೇರಿ ನಂಬರ್ ಹಾಕ್ಸೋಣ ಅಂತ ಯಾರಾದ್ರೂ ಸಲಹೆ ಕೊಟ್ರೆ ದಯವಿಟ್ಟು ಕೇಳ್ಬೇಡಿ, 2025ರಲ್ಲಿ ಸಾರಿಗೆ ಇಲಾಖೆಯವ್ರು ಅಂಥ ದುಬಾರಿ ಕಾರ್‌ಗಳನ್ನ ಬೆಂಗಳೂರಲ್ಲೇ ಹಿಡಿದು ನಿಲ್ಲಿಸಿದ್ರು.

ಹಂಪ್ ವಿಷ್ಯ. ಕೇಮನ್ ಥರದ ಕಾರನ್ನ ನಮ್ಮ ಏರಿಯಾ ಹಂಪ್‌ಗಳ ಮೇಲೆ ನೇರ ಹತ್ತಿಸೋ ಹಾಗಿಲ್ಲ. ಪೂರ್ತಿ ನಿಲ್ಲಿಸಿ, ಓರೆಯಾಗಿ, ಮುಂದಿನ ಎಡ ಚಕ್ರ ಮೊದ್ಲು, ಅದು ಇಳಿದ ಮೇಲೆ ಬಲದ್ದು, ಆಮೇಲೆ ಹಿಂದಿನವು, ಹಿಂಗೆ ಒಂದೊಂದೇ ದಾಟಿಸ್ಬೇಕು, ಅಷ್ಟರಲ್ಲಿ ಹಿಂದಿನ ಆಟೋದವ್ನು ಹಾರ್ನ್ ಹೊಡೀತಿರ್ತಾನೆ. ನಿಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ರ‍್ಯಾಂಪ್ ಅಳತೆ ನೋಡ್ದೆ ಅಡ್ವಾನ್ಸ್ ಕೊಡ್ಬೇಡಿ. ಗುಂಡಿಗೆ ಬಿದ್ರೆ ತೆಳ್ಳಗಿನ ಟೈರಿನ ಪಕ್ಕ ಹರಿಯುತ್ತೆ, ಇನ್ಶೂರೆನ್ಸಲ್ಲಿ ಟೈರ್ ಮತ್ತೆ ರಿಮ್ ಕವರ್ ಬೇರೆಯಾಗಿ ಕೇಳಿ ಹಾಕ್ಸಿ.

ಹಳೇ ಪೋರ್ಷೆ ಆದ್ರೆ ಎಂಜಿನ್ ಕಂಪ್ಯೂಟರ್‌ನಿಂದ ಓವರ್‌ರೆವ್ ರಿಪೋರ್ಟ್ ತೆಗ್ಸಿ, ಹಿಂದಿನವ್ರು ತಪ್ಪು ಗೇರ್ ಹಾಕಿ ಎಂಜಿನ್ ಹಿಂಡಿದ್ರೆ ಅದ್ರಲ್ಲಿ ದಾಖಲಾಗಿರುತ್ತೆ. ಆ ಕಾಲದ ಕಾರ್‌ಗಳನ್ನ ಮಾಡಿದ್ದು ನೂರಕ್ಕೆ ಹತ್ತು ಎಥನಾಲ್ ಬೆರೆತ ಇ10 ಪೆಟ್ರೋಲ್ ಲೆಕ್ಕಕ್ಕೆ, ಈಗ ಬಂಕಲ್ಲಿ ಸಿಗೋದು ಇಪ್ಪತ್ತು ಬೆರೆತ ಇ20, ಅದನ್ನೂ ಗೊತ್ತಿರೋ ಮೆಕ್ಯಾನಿಕ್ ಹತ್ರ ಮಾತಾಡಿ.

ರಾಜಾಜಿನಗರದಿಂದ ಮತ್ತೆ

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಎ45 ಎಸ್ ಲಿಸ್ಟಿಂದ ತೆಗ್ದೆ. ಎಂ2 ಮ್ಯಾನ್ಯುಯಲ್, ಎಂ340ಐ, ಹಳೇ ಕೇಮನ್, ಈ ಮೂರರಲ್ಲಿ ಒಂದು. ಟೆಸ್ಟ್ ಡ್ರೈವ್‌ನಲ್ಲಿ ಏನು ಗಮನಿಸ್ಲಿ?

ಬನಶಂಕರಿಯಿಂದ

ನಿಂತಲ್ಲಿಂದ ಪೂರಾ ಜೋರಲ್ಲಿ ಚಿಮ್ಮಿಸೋ ಲಾಂಚ್ ಕಂಟ್ರೋಲ್ ತೋರಿಸ್ತೀವಿ ಅಂತಾರೆ, ಬೇಡ ಅನ್ನಿ. ಶೋರೂಮ್ ಹತ್ರ ಇರೋ ಅಗಲ ರಸ್ತೆ ಬಿಟ್ಟು ತಿರುವಿರೋ ರಸ್ತೆಗೆ ಹೋಗೋಣ ಅಂತ ಮೊದ್ಲೇ ಮಾತಾಡ್ಕೊಳಿ, ಭಾನುವಾರ ಬೆಳಗ್ಗೆ ಆರಕ್ಕೆ ಕೊಟ್ರೆ ಇನ್ನೂ ಒಳ್ಳೇದು. ಐವತ್ತು ಅರವತ್ತರಲ್ಲೇ ಓಡ್ಸಿ. ಬ್ರೇಕ್ ಪೆಡಲ್ ಮೊದಲ ಒಂದಿಂಚಲ್ಲಿ ಹೆಂಗಿದೆ, ಸ್ಟೀರಿಂಗ್ ನೇರದಿಂದ ತುಸು ತಿರುಗಿಸಿದಾಗ ಏನಾಗುತ್ತೆ, ಎರಡರಿಂದ ಮೂರಕ್ಕೆ ಹಾಕುವಾಗ ಕೈಗೆ ಏನನ್ನಿಸುತ್ತೆ, ಇಷ್ಟು ನೋಡಿ. ಕೇಮನ್ ಮಲ್ಲೇಶ್ವರದವ್ರದ್ದೇ ಒಂದ್ಸಲ ಕೇಳಿ ನೋಡಿ, ಓನರ್ ಪಕ್ಕದಲ್ಲಿ ಕೂತು ಹೋದ್ರೂ ಸಾಕು. ನನ್ನ ಎಂ2 ಬೇಕಿದ್ರೆ ಕನಕಪುರ ರಸ್ತೆ ಕಡೆ ಬನ್ನಿ, ಕೀ ಕೊಡ್ತೀನಿ.

ಮಲ್ಲೇಶ್ವರದಿಂದ

ಕೇಮನ್ ನೋಡೋಕೆ ಖಂಡಿತ ಬನ್ನಿ. ಸೀಟ್ ಎರಡೇ, ಹಂಗಾಗಿ ಒಬ್ರೇ ಬನ್ನಿ. ಎಂಜಿನ್ ಪೂರ್ತಿ ಬಿಸಿ ಆಗೋ ತನಕ ನಾಲ್ಕು ಸಾವಿರ ಆರ್‌ಪಿಎಂ ದಾಟಿಸಲ್ಲ, ಮೊದಲ ಹದಿನೈದು ಇಪ್ಪತ್ತು ನಿಮಿಷ ಮೆಲ್ಲಗೇ ಹೋಗೋಣ.