ಸಹಾಯ ಬೇಕು: ಮಂತ್ರಮಾಂಗಲ್ಯಕ್ಕೂ ಧಾರೆಗೂ ನಡುವೆ ದಾರಿ ಇದೆಯೇ?

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಹುಡುಗಿಯೂ ಮಂತ್ರಮಾಂಗಲ್ಯದ ರೀತಿಯಲ್ಲಿ ಮದುವೆಯಾಗಬೇಕೆಂದು ನಿಶ್ಚಯಿಸಿದ್ದೇವೆ. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯ ಮಾತಂತೂ ಇಲ್ಲವೇ ಇಲ್ಲ; ಕುವೆಂಪು ರೂಪಿಸಿದ ಕ್ರಮದಂತೆ ಪ್ರಮಾಣವಚನ ಓದಿ, ಹಾರ ಬದಲಿಸಿಕೊಂಡರೆ ಮುಗಿಯಿತು. 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟು 30 ದಿನ ಕಾಯುವುದಕ್ಕೂ ಸಿದ್ಧರಿದ್ದೇವೆ.

ಹುಡುಗಿಯ ತಂದೆ ಒಂದಿಷ್ಟು ಕೂಗಾಡಿ ಸುಮ್ಮನಾದರು (ಛತ್ರದ ಬಾಡಿಗೆ ಉಳಿಯಿತೆಂಬ ಸಮಾಧಾನವೂ ಇರಬಹುದು). ತಾಯಿ ಕೂಗಾಡಲಿಲ್ಲ. ಹೋದ ಭಾನುವಾರ ಟ್ರಂಕಿನಿಂದ ತಮ್ಮ ಧಾರೆ ಸೀರೆ ತೆಗೆದು, ನುಸಿಗುಳಿಗೆಯ ವಾಸನೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನನ್ನ ಮುಂದೆ ಹಾಸಿದರು. "ನನ್ನ ಕೈಯಿಂದ ಒಂದು ತಂಬಿಗೆ ನೀರು ಬಿಡುವುದಕ್ಕೂ ನಿಮ್ಮ ತತ್ವ ಅಡ್ಡ ಬರುತ್ತದೆಯೇನಪ್ಪಾ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಮಗಳ ಬಳಿ ಇತ್ತು: "ನಾನು ದಾನ ಕೊಡುವ ವಸ್ತುವಲ್ಲ ಅಮ್ಮಾ." ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಇಬ್ಬರೂ ಸರಿ ಎನಿಸುವುದೇ ನನ್ನ ಕಷ್ಟ. ಆ ಸೀರೆ ಉಡಲು ಹುಡುಗಿಗೆ ಅಡ್ಡಿಯಿಲ್ಲ. ನೀರಿನ ಗತಿ? ಎರಡೂ ಕಡೆಯ ತಾಯಂದಿರು ಸೇರಿ ಗಿಡವೊಂದಕ್ಕೆ ನೀರೆರೆಯಲಿ ಎಂದು ಗೆಳೆಯ ಸೂಚಿಸಿದ. ನನಗದು ನಾಟಕದಂತೆ ಕಂಡಿತು. ಇಂಥ ಮದುವೆ ಮಾಡಿಕೊಂಡವರು, ಮಾಡಿಸಿದವರು ಇಲ್ಲಿದ್ದರೆ, ಹಿರಿಯರಿಗೆ ಯಾವ ಪಾತ್ರ ಕೊಟ್ಟಿರಿ, ನೀವು ಏನನ್ನು ಬಿಟ್ಟುಕೊಟ್ಟಿರಿ, ದಯವಿಟ್ಟು ತಿಳಿಸಿ. "ಹಳಬರ ಮಾತಿಗೆ ಕಿವಿಗೊಡಬೇಡಿ" ಎನ್ನುವ ಸಲಹೆ ಮಾತ್ರ ಬೇಡ.