ಸಹಾಯ ಬೇಕು: ಪೊಲೀಸ್ ದೂರು ಪ್ರಾಧಿಕಾರಕ್ಕೆ ದೂರು ಕೊಟ್ಟವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮೂರು ವಾರದ ಹಿಂದೆ ನನ್ನ ತಮ್ಮನ ಮೊಬೈಲನ್ನು ಬೈಕಿನಲ್ಲಿ ಬಂದವರು ಕಿತ್ತುಕೊಂಡು ಹೋದರು. ದೂರು ಕೊಡಲು ಸ್ಟೇಷನ್‌ಗೆ ಹೋದ. 'ಕಳೆದುಹೋಗಿದೆ ಅಂತ ಬರೆದುಕೊಡು' ಅಂದರು. 'ಇಲ್ಲ ಸರ್, ಕಿತ್ತುಕೊಂಡರು' ಅಂದಿದ್ದಕ್ಕೆ ಕಪಾಳಕ್ಕೆ ಹೊಡೆದರು. 22 ವರ್ಷದ ಹುಡುಗ. ಈಗ ಆ ರಸ್ತೆಯಲ್ಲೇ ಓಡಾಡುವುದಿಲ್ಲ. ಅಮ್ಮ 'ಸುಮ್ನೆ ಬಿಟ್ಟುಬಿಡು' ಅಂತಾರೆ. ನನಗೆ ಬಿಡಲು ಮನಸ್ಸಿಲ್ಲ.

ಎಫ್‌ಐಆರ್ ಬಗ್ಗೆ ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್ ಕಳಿಸಿದ್ದೇವೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗುತ್ತೇವೆ. ನಾನು ಕೇಳುತ್ತಿರುವುದು ಆ ಹೊಡೆತದ ಬಗ್ಗೆ.

ಪೊಲೀಸರ ಮೇಲಿನ ದೂರನ್ನು ಪೊಲೀಸರೇ ವಿಚಾರಿಸಿದರೆ ನಂಬಿಕೆ ಹೇಗೆ ಬರುತ್ತದೆ, ಅಲ್ವಾ? ಅದಕ್ಕೇ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಕ್ಕೊಂದು, ಜಿಲ್ಲೆಗೊಂದು ದೂರು ಪ್ರಾಧಿಕಾರ ಇರಬೇಕು ಅಂದಿತು. ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಜಿಲ್ಲೆಯಲ್ಲಿ, ಎಸ್‌ಪಿ ಮತ್ತು ಮೇಲಿನವರದ್ದು ರಾಜ್ಯ ಮಟ್ಟದಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಇದನ್ನು ಸೇರಿಸಿದರು. ನಾವು ಹೋದ ಸ್ಟೇಷನ್‌ನಲ್ಲಿ ಇದರ ಒಂದು ಬೋರ್ಡ್ ಕೂಡ ಕಾಣಲಿಲ್ಲ.

ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಟ್ಟವರು ಇದ್ದರೆ ದಯವಿಟ್ಟು ಹೇಳಿ. ಅರ್ಜಿಯನ್ನು ಎಲ್ಲಿ ಕೊಟ್ಟಿರಿ? ಅಫಿಡವಿಟ್ ಕೇಳಿದರಾ? ವಿಚಾರಣೆಗೆ ಕರೆಯಲು ಎಷ್ಟು ದಿನ ಹಿಡಿಯಿತು? ಆಮೇಲೆ ಯಾರಾದರೂ ಮನೆಗೆ ಬಂದು ಹೆದರಿಸಿದರಾ? ಅಮ್ಮನಿಗೆ ಆ ಭಯವೇ ಜಾಸ್ತಿ.

ಇನ್ನೊಂದು ತುರ್ತು ವಿಷಯ. ಸ್ಟೇಷನ್‌ನ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು ಇಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ದಿನದ ದೃಶ್ಯ ಅಳಿಸಬೇಡಿ ಅಂತ ಯಾರಿಗೆ ಬರೆಯಬೇಕು? ಆರ್‌ಟಿಐ ಅರ್ಜಿ ಸಾಕಾ? ವಕೀಲರು ಇದ್ದರೆ ಮೆಸೇಜ್ ಮಾಡಿ, ನಾನೇ ಬಂದು ಭೇಟಿಯಾಗುತ್ತೇನೆ.